ಪೆಟ್ಟಿಗೆಯೊಳಗೆ ಏನಿದೆ? ಕೇಳುವ ಹಕ್ಕು ನಮಗೂ ಇದೆ



ಈ ಪುಟದಲ್ಲಿ ನಾವು ಯಾವತ್ತೂ ಬರೆಯುವುದು ಪಠ್ಯಪುಸ್ತಕ ತಡವಾದದ್ದರ ಬಗ್ಗೆ, ಕನ್ನಡ ಶಾಲೆಗೆ ಕನ್ನಡ ಬಾರದ ಅಧ್ಯಾಪಕರು ಬಂದದ್ದರ ಬಗ್ಗೆ, ಒಂದನೇ ತರಗತಿಗೆ ಮಕ್ಕಳು ಕಡಿಮೆಯಾಗುತ್ತಿರುವುದರ ಬಗ್ಗೆ. ಈ ಸಲ ಹಡಗಿನ ಬಗ್ಗೆ ಬರೆಯುತ್ತಿದ್ದೇವೆ. "ಮಾಸ್ಟ್ರುಗಳಿಗೆ ಹಡಗಿನ ಉಸಾಬರಿ ಯಾಕೆ?" ಎಂದು ಕೆಲವರು ನಗಬಹುದು. ನಗಲಿ. ಆದರೆ ಪೂರ್ತಿ ಓದಿ ಆಮೇಲೆ ನಗಲಿ.

2025ರ ಮೇ 25ರಂದು ಕೊಚ್ಚಿಯ ಹತ್ತಿರದ ಕಡಲಲ್ಲಿ ಎಂಎಸ್‌ಸಿ ಎಲ್ಸಾ 3 ಎಂಬ ಹಡಗು ಮುಳುಗಿತು. ಅದರಲ್ಲಿ 640 ಕಂಟೇನರ್‌ಗಳಿದ್ದವು. 13ರಲ್ಲಿ ಅಪಾಯಕಾರಿ ಸರಕು, ಅವುಗಳ ಪೈಕಿ 12ರಲ್ಲಿ ಕ್ಯಾಲ್ಸಿಯಂ ಕಾರ್ಬೈಡ್. ಅದಾಗಿ ಹದಿನೈದು ದಿನವಾಗುವಾಗ, ಜೂನ್ 9ರಂದು, ಕೊಲಂಬೊದಿಂದ ಮುಂಬಯಿಯ ನವಾ ಶೇವಾ ಬಂದರಿಗೆ ಹೋಗುತ್ತಿದ್ದ ವಾನ್ ಹೈ 503 ಎಂಬ ಹಡಗಿನಲ್ಲಿ ಸ್ಫೋಟವಾಗಿ ಬೆಂಕಿ ಹಿಡಿಯಿತು. ಜಾಗ ಕಣ್ಣೂರಿನ ಅಳಿಕ್ಕಲ್‌ನಿಂದ ಸುಮಾರು 44 ನಾಟಿಕಲ್ ಮೈಲು ದೂರ. ಹಡಗಿನಲ್ಲಿದ್ದ 22 ಮಂದಿಯಲ್ಲಿ ನಾಲ್ವರು ಕಾಣೆಯಾದರು. ಉಳಿದ 18 ಮಂದಿಯನ್ನು ನೌಕಾಪಡೆಯ ಐಎನ್‌ಎಸ್ ಸೂರತ್ ಹಡಗು ಮಂಗಳೂರಿಗೆ, ನಮ್ಮ ಪಕ್ಕದ ಪಣಂಬೂರಿಗೆ, ತಂದು ಮುಟ್ಟಿಸಿತು. ಆ ಹಡಗಿನಲ್ಲಿದ್ದದ್ದು 1,754 ಕಂಟೇನರ್. 143ರಲ್ಲಿ ಅಪಾಯಕಾರಿ ಸರಕು. ಉರಿಯುವ ದ್ರವ, ಉರಿಯುವ ಘನ, ತಾನಾಗಿ ಹೊತ್ತಿಕೊಳ್ಳುವ ವಸ್ತು, ವಿಷ... ಎಲ್ಲವೂ.

ಮಂಜೇಶ್ವರದಿಂದ ಬೇಕಲದವರೆಗೆ ಕಡಲ ಬದಿಯಲ್ಲಿ ನಮ್ಮ ಮಕ್ಕಳ ಮನೆಗಳಿವೆ. ಶಾಲೆ ಬಿಟ್ಟ ಮೇಲೆ ಅವರ ಆಟದ ಬಯಲು ಅದೇ ಮರಳು. ಕಡಲು ತಂದು ಹಾಕಿದ್ದನ್ನು ಮೊದಲು ಮುಟ್ಟುವುದು ಕಲೆಕ್ಟರ್ ಅಲ್ಲ, ಬಂದರು ಅಧಿಕಾರಿಯೂ ಅಲ್ಲ. ಮೂರನೇ ತರಗತಿಯ ಹುಡುಗ. ಆದ್ದರಿಂದ ಹಡಗಿನ ಉಸಾಬರಿ ನಮ್ಮದೇ.

ಹಾಗಾದರೆ ಹಡಗಿನಲ್ಲಿ ಇಂಥ ಸರಕು ಇಡುವುದಕ್ಕೆ ನಿಯಮ ಇಲ್ಲವೇ? ಇದೆ. ಒಳ್ಳೆಯ ನಿಯಮವೇ ಇದೆ. ನಮ್ಮ ತಕರಾರು ನಿಯಮದ ಮೇಲಲ್ಲ. ಅದನ್ನು ಸುಳ್ಳಿನಿಂದ ಟೊಳ್ಳು ಮಾಡುವವರ ಮೇಲೆ, ಅದನ್ನು ಇಂಗ್ಲಿಷಿನ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಟ್ಟು "ಇದು ನಿಮಗಲ್ಲ" ಎನ್ನುವವರ ಮೇಲೆ.

ಮೊದಲು ನಿಯಮ ಏನೆಂದು ನೋಡೋಣ. ನಮ್ಮ ಹಳೆಯ ಮನೆಗಳಲ್ಲಿ ಅಜ್ಜಿ ಚಿಮಿಣಿ ಎಣ್ಣೆಯ ಡಬ್ಬವನ್ನು ಅಕ್ಕಿ ಮುಡಿಯ ಹತ್ತಿರ ಇಡುತ್ತಿರಲಿಲ್ಲ. ಗದ್ದೆಗೆ ಬಿಡುವ ಮದ್ದಿನ ಬಾಟ್ಲಿ ಅಡುಗೆ ಕೋಣೆಗೆ ಬರುತ್ತಿರಲಿಲ್ಲ. ಒಲೆಯ ಪಕ್ಕ ಒಣ ಮಡಲು ರಾಶಿ ಹಾಕಿದರೆ ಬೈಗುಳ ಖಂಡಿತ. ಒಂದಕ್ಕೊಂದು ಆಗದ್ದನ್ನು ಒಟ್ಟಿಗೆ ಇಡಬಾರದು, ಇಷ್ಟೇ ಸೂತ್ರ. ಇದನ್ನೇ ಅಂತಾರಾಷ್ಟ್ರೀಯ ಕಡಲ ಸಂಸ್ಥೆ 1965ರಲ್ಲಿ ದೊಡ್ಡ ಗ್ರಂಥವಾಗಿ ಮಾಡಿತು. ಐಎಂಡಿಜಿ ಕೋಡ್ ಎಂದು ಹೆಸರು. 2004ರ ಜನವರಿ 1ರಿಂದ ಇದು ಕಡ್ಡಾಯ. ಕೋಡ್ ಅಪಾಯಕಾರಿ ಸರಕನ್ನೆಲ್ಲ ಒಂಬತ್ತು ವರ್ಗ ಮಾಡುತ್ತದೆ. ಇದನ್ನು ನಾವು ಒಮ್ಮೆ ನಮ್ಮ ಊರಿನ ಸಾಮಾನುಗಳಿಂದಲೇ ಓದೋಣ.

ಒಂದನೇ ವರ್ಗ ಸ್ಫೋಟಕ; ಜಾತ್ರೆಯ ಕದಿನ, ಪಟಾಕಿ ಈ ಕುಲದವು. ಎರಡನೆಯದು ಗ್ಯಾಸ್, ಅಡುಗೆ ಸಿಲಿಂಡರ್. ಮೂರನೆಯದು ಉರಿಯುವ ದ್ರವ. ಪೆಟ್ರೋಲ್, ಪೈಂಟಿಗೆ ಹಾಕುವ ಥಿನ್ನರ್. ನಾಲ್ಕನೆಯದರಲ್ಲಿ ಮೂರು ಕವಲು. 4.1 ಉರಿಯುವ ಘನ, ಬೆಂಕಿಕಡ್ಡಿ ಇದರಲ್ಲೇ. 4.2 ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳುವಂಥದ್ದು. ಇದರ ಪಟ್ಟಿಯಲ್ಲಿ ನಮ್ಮ ಕೊಬ್ಬರಿ ಇದೆ ಎಂದರೆ ನಂಬುತ್ತೀರಾ? ಇದೆ, ಯುಎನ್ ನಂಬರ್ 1363. ಸರಿಯಾಗಿ ಒಣಗದ ಬೈಹುಲ್ಲಿನ ಕುತ್ತರಿ ಒಳಗೊಳಗೇ ಬಿಸಿಯಾಗುವುದನ್ನು ಕಂಡವರಿಗೆ ಇದು ಆಶ್ಚರ್ಯವಲ್ಲ. 4.3 ನೀರು ತಾಗಿದರೆ ಅಪಾಯವಾಗುವಂಥದ್ದು. ಎಲ್ಸಾ ಹಡಗಿನ ಕಾರ್ಬೈಡ್ ಇಲ್ಲಿ ಬರುತ್ತದೆ. ಐದನೇ ವರ್ಗದ 5.1 ಬೆಂಕಿಗೆ ಆಮ್ಲಜನಕ ಒದಗಿಸಿ ಕೊಡುವಂಥದ್ದು. ಪೆಟ್ಲುಪ್ಪು ಒಂದು ಉದಾಹರಣೆ, ಕೆಲವು ಬಗೆಯ ಬ್ಲೀಚಿಂಗ್ ಪೌಡರ್ ಇನ್ನೊಂದು. 5.2 ಸಾವಯವ ಪೆರಾಕ್ಸೈಡ್‌ಗಳು. ಆರನೆಯದು ವಿಷ ಮತ್ತು ರೋಗಾಣು ಇರುವ ವಸ್ತು. ಏಳು ವಿಕಿರಣ. ಎಂಟು ಕೊರೆದು ತಿನ್ನುವಂಥದ್ದು. ರಬ್ಬರ್ ಹಾಲು ಹೆಪ್ಪುಗಟ್ಟಿಸಲು ಹಾಕುವ ಫಾರ್ಮಿಕ್ ಆಸಿಡ್ ನಮ್ಮ ಎಷ್ಟೋ ಮಕ್ಕಳ ಮನೆಯ ಹಿತ್ತಿಲಲ್ಲೇ ಇದೆ. ಒಂಬತ್ತನೆಯದು ಉಳಿದವು, ಮೊಬೈಲಿನ ಲಿಥಿಯಂ ಬ್ಯಾಟರಿ ಇದರಲ್ಲಿ ಸೇರಿದೆ.

ಇನ್ನು ಕೋಡ್‌ನಲ್ಲಿ ಒಂದು ಕೋಷ್ಟಕ ಇದೆ. ಮಗ್ಗಿಯ ಪುಸ್ತಕದ ಹಾಗೆ ಅಡ್ಡಕ್ಕೂ ಉದ್ದಕ್ಕೂ ವರ್ಗಗಳನ್ನು ಬರೆದು, ಅವು ಕೂಡುವ ಚೌಕದಲ್ಲಿ 1ರಿಂದ 4ರವರೆಗೆ ಒಂದು ಅಂಕೆ. ಚೌಕದಲ್ಲಿ ಅಂಕೆಯ ಬದಲು ಕತ್ತರಿ ಗುರುತಿದ್ದರೆ ಆ ವಸ್ತುವಿನ ಪ್ರತ್ಯೇಕ ಪಟ್ಟಿ ನೋಡಬೇಕು.

ಅಂಕೆ 1 ಎಂದರೆ "ದೂರ ಇಡು". ಬಿಡಿ ಸರಕಾದರೆ ಕನಿಷ್ಠ 3 ಮೀಟರ್; ಮುಚ್ಚಿದ ಕಂಟೇನರಿಗೆ ರಿಯಾಯಿತಿ ಇದೆ. ಅಂಕೆ 2 ಎಂದರೆ "ಬೇರ್ಪಡಿಸು". ಡೆಕ್ಕಿನ ಮೇಲೆ ಎರಡು ಮುಚ್ಚಿದ ಕಂಟೇನರ್‌ಗಳ ನಡುವೆ ಒಂದು ಕಂಟೇನರಿನ ಜಾಗ ಬಿಡಬೇಕು. ನಡುವೆ ಡೆಕ್ ಇಲ್ಲದಿದ್ದರೆ ಒಂದರ ಮೇಲೊಂದು ಏರಿಸುವಂತಿಲ್ಲ. ಅಂಕೆ 3 ಎಂದರೆ "ನಡುವೆ ಒಂದು ಪೂರ್ತಿ ಕೋಣೆ ಇರಲಿ". ಅಂಕೆ 4 ಎಂದರೆ "ಹಡಗಿನ ಉದ್ದಕ್ಕೆ ನಡುವೆ ಒಂದು ಪೂರ್ತಿ ಕೋಣೆ ಬಿಟ್ಟು ಇಡು". ಡೆಕ್ಕಿನ ಮೇಲಾದರೆ ಕನಿಷ್ಠ 24 ಮೀಟರ್. ಒಂದು ಕಂಟೇನರಿನ ಜಾಗ ಎಂದರೆ ಹಡಗಿನ ಉದ್ದಕ್ಕೆ 6 ಮೀಟರ್, ಅಡ್ಡಕ್ಕೆ 2.4 ಮೀಟರ್. ನಮ್ಮ ಒಂದು ತರಗತಿ ಕೋಣೆಯ ಉದ್ದ ಹೆಚ್ಚುಕಡಿಮೆ 6 ಮೀಟರ್. ಹಾಗಾದರೆ 24 ಮೀಟರ್ ಎಂದರೆ ಸಾಲಾಗಿ ನಾಲ್ಕು ಕೋಣೆ. ಪೆಟ್ರೋಲಿನಂಥ 3ನೇ ವರ್ಗಕ್ಕೂ 5.1ಕ್ಕೂ ನಡುವೆ ಅಂಕೆ 2. ದೊಡ್ಡ ಸ್ಫೋಟಕಕ್ಕೂ 3ನೇ ವರ್ಗಕ್ಕೂ ನಡುವೆ ಅಂಕೆ 4.

ಇದಲ್ಲದೆ ಆಸಿಡ್, ಕ್ಷಾರ, ಸಯನೈಡ್, ಹೈಪೋಕ್ಲೋರೈಟ್ ಹೀಗೆ ಗುಂಪುಗಳಿವೆ. ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರಿಗೆ ಕಕ್ಕಸು ತೊಳೆಯುವ ಆಸಿಡ್ ಸೇರಿದರೆ ಕ್ಲೋರಿನ್ ಹೊರಡುತ್ತದೆ. ಉಸಿರಿಗೆ ಉಪದ್ರ, ಜೀವಕ್ಕೂ ಅಪಾಯ. ಸಯನೈಡಿಗೆ ಆಸಿಡ್ ಸೇರಿದರೆ ಹೈಡ್ರೋಜನ್ ಸಯನೈಡ್, ಮಾರಕ ಅನಿಲ. ಆದ್ದರಿಂದಲೇ ಈ ಗುಂಪುಗಳನ್ನು ಆಸಿಡ್‌ನಿಂದ ಬೇರೆ ಇಡಬೇಕೆಂದು ಕೋಡ್ ಹೇಳುವುದು.

ಈಗ ಹೇಳಿ, ಇದರಲ್ಲಿ ಕನ್ನಡದಲ್ಲಿ ಹೇಳಲಾಗದ್ದು ಏನಿತ್ತು? ಹತ್ತನೇ ತರಗತಿಯ ಯಾವ ಕನ್ನಡ ಮೀಡಿಯಂ ಮಗುವಿಗೆ ಇದು ಅರ್ಥವಾಗಲಿಕ್ಕಿಲ್ಲ? "ವಿಜ್ಞಾನ, ತಂತ್ರಜ್ಞಾನ ಎಲ್ಲ ಇಂಗ್ಲಿಷಿನಲ್ಲೇ ಸರಿ, ಕನ್ನಡ ಯಕ್ಷಗಾನಕ್ಕೂ ಭಜನೆಗೂ ಸಾಕು" ಎಂದು ಹೇಳಿ ಮಕ್ಕಳನ್ನು ಬೇರೆ ಶಾಲೆಗೆ ಎಳೆದುಕೊಂಡು ಹೋಗುವವರಿಗೆ ನಮ್ಮ ಪ್ರಶ್ನೆ ಇದು. ಕೆಲವೇ ಪ್ಯಾರಾಗಳಲ್ಲಿ ಒಂದು ಅಂತಾರಾಷ್ಟ್ರೀಯ ಕಾನೂನಿನ ತಿರುಳು ಕನ್ನಡಕ್ಕೆ ಬಂತು. ಬಾರದಿರುವುದು ಭಾಷೆಯ ಬಡತನದಿಂದಲ್ಲ, ಹೇಳುವವರ ಉದಾಸೀನದಿಂದ.

ಸರಿ, ನಿಯಮ ಇದೆ, ಕೋಷ್ಟಕ ಇದೆ. ಮತ್ತೆ ಹಡಗುಗಳು ಉರಿಯುವುದು ಯಾಕೆ?

ಉತ್ತರದ ದೊಡ್ಡ ಭಾಗ ಒಂದೇ ಶಬ್ದ. ಸುಳ್ಳು.

ಹಡಗಿನವನು ಪ್ರತಿಯೊಂದು ಕಂಟೇನರ್ ತೆರೆದು ನೋಡುವುದಿಲ್ಲ. ನೋಡಲು ಸಾಧ್ಯವೂ ಇಲ್ಲ. ಸರಕು ಕಳಿಸುವವನು ಕಾಗದದಲ್ಲಿ ಏನು ಬರೆದನೋ ಅದನ್ನು ನಂಬಿ ಕಂಪ್ಯೂಟರ್ ಜಾಗ ಗೊತ್ತುಮಾಡುತ್ತದೆ. ಅಪಾಯಕಾರಿ ಸರಕು ಎಂದು ಬರೆದರೆ ಬಾಡಿಗೆ ಹೆಚ್ಚು, ಕಾಗದಪತ್ರ ಹೆಚ್ಚು, ಕೆಲವು ಕಂಪೆನಿಗಳು ಕೆಲವು ಸರಕನ್ನು ತೆಗೆದುಕೊಳ್ಳುವುದೇ ಇಲ್ಲ. ಹಾಗಾಗಿ ಕೆಲವರು ಬೇರೆ ಹೆಸರು ಬರೆಯುತ್ತಾರೆ. 5.1 ಎಂದು ಬರೆಯಬೇಕಾದಲ್ಲಿ ಸಾದಾ ಪುಡಿ ಎಂದು ಬರೆದರೆ ಕೋಷ್ಟಕದ ಅಂಕೆ 2 ಎಲ್ಲಿ ಹೋಯಿತು? ಆ ಪೆಟ್ಟಿಗೆ ಹೋಗಿ ಥಿನ್ನರಿನ ಪೆಟ್ಟಿಗೆಯ ಮಗ್ಗುಲಲ್ಲಿ ಕೂತುಕೊಳ್ಳುತ್ತದೆ. ಕ್ಯಾಪ್ಟನ್‌ಗೆ ಗೊತ್ತಿಲ್ಲ, ಬೆಂಕಿ ನಂದಿಸುವವನಿಗೆ ಗೊತ್ತಿಲ್ಲ. ನೀರು ಹಾಕಬೇಕೋ ಹಾಕಬಾರದೋ ಯಾರಿಗೂ ಗೊತ್ತಿಲ್ಲ. ಬೇರ್ಪಡಿಸುವ ನಿಯಮ ನಿಂತಿರುವುದು ಉಕ್ಕಿನ ಗೋಡೆಯ ಮೇಲಲ್ಲ, ಒಂದು ಕಾಗದದ ಮೇಲೆ ಬರೆದ ಒಂದು ಸಾಲಿನ ಸತ್ಯದ ಮೇಲೆ.

ಇದು ನಮ್ಮ ಊಹೆಯಲ್ಲ. ಅಮೆರಿಕದ ನ್ಯಾಷನಲ್ ಕಾರ್ಗೊ ಬ್ಯೂರೊ 500 ಕಂಟೇನರ್‌ಗಳನ್ನು ತೆರೆದು ಪರೀಕ್ಷಿಸಿ 2020ರಲ್ಲಿ ವರದಿ ಕೊಟ್ಟಿತು. 55 ಶೇಕಡಾ ಕಂಟೇನರ್‌ಗಳಲ್ಲಿ ಒಂದಲ್ಲ ಒಂದು ತಪ್ಪು. ಕಟ್ಟಿದ ರೀತಿ ಸರಿಯಿಲ್ಲ, ಗುರುತು ಸರಿಯಿಲ್ಲ, ಕೆಲವದರಲ್ಲಿ ಒಳಗಿರುವ ಸರಕಿನ ಹೆಸರೇ ಸರಿಯಿಲ್ಲ. ನಮ್ಮ ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಫೇಲಾದರೆ ಮೇಲಿನವರು ನಮ್ಮಿಂದ ವಿವರಣೆ ಕೇಳುತ್ತಾರೆ. ಇವರಿಂದ ಕೇಳುವವರು ಯಾರು?

ನಮ್ಮ ಕರಾವಳಿಗೆ ತೀರಾ ಹತ್ತಿರದ ಉದಾಹರಣೆ ಬೇಕೇ? ಇದ್ದಿಲು. ಗೆರಟೆ ಸುಟ್ಟು ಮಾಡುವ ಇದ್ದಿಲು ತೆಂಗಿನ ನಾಡುಗಳಿಂದ ಹಡಗು ಹತ್ತುವ ಸರಕು. ಪರೀಕ್ಷೆಯಲ್ಲಿ ತಾನಾಗಿ ಬಿಸಿಯಾಗುವುದಿಲ್ಲ ಎಂದು ಕಂಡರೆ ಇದ್ದಿಲನ್ನು ಅಪಾಯಕಾರಿ ಸರಕಿನ ಪಟ್ಟಿಯಿಂದ ಹೊರಗಿಡಬಹುದು ಎಂಬ ರಿಯಾಯಿತಿ ಕೋಡ್‌ನಲ್ಲಿತ್ತು. ಆ ಕಿಂಡಿಯಲ್ಲಿ ನುಗ್ಗಿದ ಪೆಟ್ಟಿಗೆಗಳಿಂದ ಮತ್ತೆ ಮತ್ತೆ ಹಡಗುಗಳಿಗೆ ಬೆಂಕಿ ಬಿದ್ದ ಮೇಲೆ ರಿಯಾಯಿತಿಯನ್ನು ತೆಗೆದುಹಾಕಿದರು. 2026ರ ಜನವರಿ 1ರಿಂದ ಹೊಸ ನಿಯಮ ಕಡ್ಡಾಯ. ಇದ್ದಿಲು ಮಾಡಿದ ಮೇಲೆ 14 ದಿನ ಗಾಳಿಗೆ ಬಿಟ್ಟು ತಣಿಸಬೇಕು, ಕಟ್ಟುವಾಗ 40 ಡಿಗ್ರಿಗಿಂತ ಬಿಸಿ ಇರಬಾರದು, ಕಂಟೇನರಿನ ಮಾಡಿಗೂ ಸರಕಿಗೂ ನಡುವೆ 30 ಸೆಂಟಿಮೀಟರ್ ಖಾಲಿ ಬಿಡಬೇಕು. ಗೆರಟೆ ಸುಡುವ ಮನುಷ್ಯನಿಗೆ ಈ ನಿಯಮ ಅವನ ಭಾಷೆಯಲ್ಲಿ ಮುಟ್ಟದಿದ್ದರೆ ಅದು ಯಾರಿಗಾಗಿ? ಬಿಸಿ ಇದ್ದಿಲು ಚೀಲಕ್ಕೆ ತುಂಬಿಸುವವನು ಇಂಗ್ಲಿಷ್ ಕೋಡ್ ತೆರೆದು ನೋಡುತ್ತಾನೆಯೇ?

ಮುಚ್ಚಿಡುವ ಈ ರೋಗ ಕಂಟೇನರ್ ಹುಟ್ಟುವ ಮೊದಲೇ ಇತ್ತು. 1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟಿಕೀನ್ ಎಂಬ ಹಡಗು ಸಿಡಿಯಿತು. ಅದರಲ್ಲಿ ಸುಮಾರು 1,400 ಟನ್ ಸ್ಫೋಟಕ ಇತ್ತು. ಕರಾಚಿಯಲ್ಲಿ ಅದೇ ಹಡಗಿಗೆ ಸಾವಿರಾರು ಹತ್ತಿ ಬೇಲುಗಳನ್ನೂ ತುಂಬಿಸಿದರು. ಹತ್ತಿಗೆ ಬೆಂಕಿ ಹಿಡಿಯಿತು, ಬೆಂಕಿ ಸ್ಫೋಟಕಕ್ಕೆ ಮುಟ್ಟಿತು. ಅಪಾಯಕಾರಿ ಸರಕಿದೆ ಎಂದು ತೋರಿಸುವ ಕೆಂಪು ಬಾವುಟವನ್ನೂ ಆ ಹಡಗು ಹಾರಿಸಿರಲಿಲ್ಲ. ನೂರಾರು ಜನ ಸತ್ತರು. 66 ಅಗ್ನಿಶಾಮಕರು ಕರ್ತವ್ಯದಲ್ಲೇ ಪ್ರಾಣ ಬಿಟ್ಟರು. ಏಪ್ರಿಲ್ 14ನ್ನು ದೇಶದಲ್ಲಿ ಅಗ್ನಿಶಾಮಕ ಸೇವಾ ದಿನವೆಂದು ಆಚರಿಸುವುದು ಅವರ ನೆನಪಿಗೆ. ಆ ದಿನ ಪೋಸ್ಟರ್ ಅಂಟಿಸುತ್ತಾರೆ, ಭಾಷಣ ಮಾಡುತ್ತಾರೆ. ಹತ್ತಿ ಮತ್ತು ಮದ್ದುಗುಂಡು ಒಂದೇ ಹಡಗಿನಲ್ಲಿ ಒಟ್ಟಿಗೆ ಯಾಕೆ ಕೂತವು ಎಂದು ಎಷ್ಟು ಭಾಷಣಗಳಲ್ಲಿ ಕೇಳಿದ್ದೀರಿ?

ಇನ್ನೊಂದು, ತೀರಾ ಈಚಿನದು. 2021ರ ಮೇ ತಿಂಗಳಲ್ಲಿ ಕೊಲಂಬೊದ ಹೊರಗೆ ಎಕ್ಸ್-ಪ್ರೆಸ್ ಪರ್ಲ್ ಉರಿಯಿತು. 1,486 ಕಂಟೇನರ್, 81ರಲ್ಲಿ ಅಪಾಯಕಾರಿ ಸರಕು. 25 ಟನ್ ನೈಟ್ರಿಕ್ ಆಸಿಡ್, ಕಾಸ್ಟಿಕ್ ಸೋಡ, ಮೆಥನಾಲ್, ಎಪಾಕ್ಸಿ ರಾಳ, ಮೇಲೆ ಸುಮಾರು 1,680 ಟನ್ ಪ್ಲಾಸ್ಟಿಕ್ ಹರಳು. ನೈಟ್ರಿಕ್ ಆಸಿಡ್ ಕಂಟೇನರ್ ಸೋರುತ್ತಿದೆ ಎಂದು ಹಡಗಿನವರಿಗೆ ಬೆಂಕಿಗೆ ಎಷ್ಟೋ ದಿನ ಮೊದಲೇ ಗೊತ್ತಾಗಿತ್ತು. ಕತಾರಿನ ಹಮದ್ ಬಂದರಿನಲ್ಲೂ ನಮ್ಮ ದೇಶದ ಹಜೀರಾದಲ್ಲೂ ಆ ಪೆಟ್ಟಿಗೆ ಇಳಿಸಿಕೊಳ್ಳಿ ಎಂದು ಕೇಳಿದರು, ಅದಕ್ಕೆ ಬೇಕಾದ ಸೌಕರ್ಯ ಇಲ್ಲವೆಂಬ ಉತ್ತರ ಬಂತು ಎಂದು ಹಡಗು ಕಂಪೆನಿಯೇ ಹೇಳಿತು. ಸೋರುವ ಪೆಟ್ಟಿಗೆ ಯಾರಿಗೂ ಬೇಡ. ಕೊನೆಗೆ ಅದು ಸಿಕ್ಕಿದ್ದು ಶ್ರೀಲಂಕಾದ ಮೀನುಗಾರನಿಗೆ! ನೈಟ್ರಿಕ್ ಆಸಿಡ್ ಕೊರೆಯುವುದೂ ಹೌದು, ಉರಿಯುವುದಕ್ಕೆ ಆಮ್ಲಜನಕ ಕೊಡುವುದೂ ಹೌದು. ಒಂದು ಪೆಟ್ಟಿಗೆಯಿಂದ ಹೊರಬಂದ ಮೇಲೆ 6 ಮೀಟರ್, 24 ಮೀಟರ್ ಎಂಬ ಲೆಕ್ಕವನ್ನು ಅದು ಕೇಳುವುದಿಲ್ಲ. 2025ರ ಜುಲೈಯಲ್ಲಿ ಶ್ರೀಲಂಕಾದ ಸುಪ್ರೀಂ ಕೋರ್ಟ್ ನೂರು ಕೋಟಿ ಡಾಲರ್ ಪರಿಹಾರಕ್ಕೆ ಆದೇಶಿಸಿತು. ಬೆಂಕಿ ಬಿದ್ದು ನಾಲ್ಕು ವರ್ಷದ ಮೇಲೆ.

"ಎಲ್ಲರೂ ಸುಳ್ಳು ಹೇಳುವುದಿಲ್ಲ ಮಾಸ್ಟ್ರೇ, ನಿಯಮ ಪಾಲಿಸಿದರೆ ಏನೂ ಆಗುವುದಿಲ್ಲ" ಎಂದು ಒಂದು ವಾದ ಇದೆ. ಅದೂ ಅರ್ಧ ಸತ್ಯ. 2018ರ ಮಾರ್ಚ್ 6ರಂದು ಅರಬಿ ಸಮುದ್ರದಲ್ಲೇ ಮಾರ್ಸ್ಕ್ ಹೊನಾಮ್ ಹಡಗಿಗೆ ಬೆಂಕಿ ಬಿದ್ದು ಐವರು ಸತ್ತರು. ಬೆಂಕಿ ಶುರುವಾದ ಮುಂಭಾಗದ ಕೋಣೆಯಲ್ಲಿ ನೀರು ಶುದ್ಧ ಮಾಡಲು ಬಳಸುವ ಒಂದು ಕ್ಲೋರಿನ್ ರಾಸಾಯನಿಕ ತುಂಬಾ ಇತ್ತು. ಅದನ್ನು ಕೋಡ್ ಪ್ರಕಾರವೇ ಇಟ್ಟಿದ್ದರು. ಆಮೇಲೆ ಆ ಕಂಪೆನಿ ಕೋಡ್‌ಗಿಂತ ಒಂದು ಹೆಜ್ಜೆ ಮುಂದೆ ಹೋಗಿ, ಸಿಬ್ಬಂದಿ ಮಲಗುವ ಜಾಗದ ಹತ್ತಿರ, ಎಂಜಿನ್ ಇರುವ ಜಾಗದ ಹತ್ತಿರ ಅಪಾಯಕಾರಿ ಸರಕು ಇಡುವುದಿಲ್ಲ ಎಂದು ತಾನೇ ನಿಯಮ ಮಾಡಿಕೊಂಡಿತು. ಒಳ್ಳೆಯದು. ಆದರೆ ಐದು ಹೆಣ ಬಿದ್ದ ಮೇಲೆ ಹೊಳೆಯುವ ಬುದ್ಧಿಗೆ ನಾವು ಎಷ್ಟು ಚಪ್ಪಾಳೆ ತಟ್ಟಬೇಕು? ಮನುಷ್ಯ ಮಲಗುವ ಜಾಗದ ಪಕ್ಕ ಬೆಂಕಿ ಬೇಡ ಎನ್ನುವುದು ಅಜ್ಜಿಗೆ ಗೊತ್ತಿದ್ದ ಮಾತು.

ಮತ್ತೊಂದು ವಾದ: "ಲಕ್ಷಾಂತರ ಕಂಟೇನರ್ ಕ್ಷೇಮವಾಗಿ ಹೋಗುತ್ತವೆ, ಎಲ್ಲೋ ಒಂದೆರಡು ಅಪಘಾತ." ಹೌದು, ಹೋಗುತ್ತವೆ. ಕ್ಷೇಮವಾಗಿ ಹೋದ ಪೆಟ್ಟಿಗೆಯ ಲಾಭ ಯಾರಿಗೆ? ಕಳಿಸಿದವನಿಗೆ, ಸಾಗಿಸಿದವನಿಗೆ, ತರಿಸಿಕೊಂಡವನಿಗೆ. ಉರಿದ ಪೆಟ್ಟಿಗೆಯ ನಷ್ಟ ಯಾರಿಗೆ? ಹಡಗಿನ ಕೂಲಿಗೆ, ದಡದ ಮೀನುಗಾರನಿಗೆ. ಎಲ್ಸಾ 3 ಮುಳುಗಿದ ಮೇಲೆ ಕೇರಳ ಸರಕಾರ 9,531 ಕೋಟಿ ರೂಪಾಯಿ ಪರಿಹಾರ ಕೇಳಿ ಹೈಕೋರ್ಟಿಗೆ ಹೋಯಿತು. ಕೇಸು ನಡೆಯುವಷ್ಟು ದಿನ ಬಲೆ ಕಾಯುತ್ತದೆಯೇ? ಹೊಟ್ಟೆ ಕಾಯುತ್ತದೆಯೇ?

ಇದೇ ಹಡಗಿನ ವಿಷಯದಲ್ಲಿ, ಒಳಗಿದ್ದ ಸರಕಿನ ವಿವರ ಜನರಿಗೆ ತಿಳಿಯಬೇಕು ಎಂದು ಹೈಕೋರ್ಟ್ ಹೇಳಬೇಕಾಗಿ ಬಂತು ಎಂಬುದನ್ನು ಮರೆಯಬೇಡಿ. ಹಡಗು ಮುಳುಗಿದ ಹೊತ್ತಿಗೇ ತಾನಾಗಿ ಹೊರಗೆ ಬರಬೇಕಾದ ಪಟ್ಟಿ ಅದು. ದಡಕ್ಕೆ ಬಂದ ಕಂಟೇನರ್ ಮುಟ್ಟಬೇಡಿ, 200 ಮೀಟರ್ ದೂರ ನಿಲ್ಲಿ, 112ಕ್ಕೆ ಫೋನ್ ಮಾಡಿ ಎಂದು ಆಗ ಜನರಿಗೆ ತಿಳಿಸಿದರು. ಸರಿಯಾದ ಮಾತೇ. ಆದರೆ "ಮುಟ್ಟಬೇಡ" ಎಂದರೆ ಸಾಲದು, "ಯಾಕೆ ಮುಟ್ಟಬಾರದು" ಎಂದೂ ಹೇಳಬೇಕು. ಕಾರ್ಬೈಡಿಗೆ ನೀರು ತಾಗಿದರೆ ಅಸಿಟಿಲೀನ್ ಹೊರಡುತ್ತದೆ, ಗ್ಯಾಸ್ ವೆಲ್ಡಿಂಗಿನವರು ಉರಿಸುವ ಅದೇ ಅನಿಲ, ಒಂದು ಬೀಡಿಯ ಕಿಡಿ ಸಾಕು ಎಂದು ಗೊತ್ತಾದ ಮಗು ಜನ್ಮದಲ್ಲಿ ಆ ಡ್ರಮ್ಮಿನ ಹತ್ತಿರ ಹೋಗುವುದಿಲ್ಲ. ಹಣ್ಣು ಮಾಡಲು ಕಾರ್ಬೈಡ್ ಬಳಸುವುದನ್ನು ಕಾನೂನು ನಿಷೇಧಿಸಿದೆ. ಇದನ್ನೂ ಅದೇ ಪಾಠದಲ್ಲಿ ಹೇಳಿಬಿಡಬಹುದು.

ನಮ್ಮ ಜಿಲ್ಲೆಗೆ ವಿಷದ ವಿಷಯದಲ್ಲಿ ಹೊರಗಿನವರ ಉಪದೇಶ ಬೇಕಾಗಿಲ್ಲ. ಎಂಡೋಸಲ್ಫಾನ್ ನಮಗೆ ಪಾಠ ಮಾಡಿದೆ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಅದನ್ನು ಸುರಿದರು. ಎಣ್ಮಕಜೆಯಂಥ ಕನ್ನಡದ ಊರುಗಳ ಮನೆಮನೆಯಲ್ಲಿ ಅದರ ಲೆಕ್ಕ ಇನ್ನೂ ಮುಗಿದಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಲ್ಲಿಸಿತು. 2017ರಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ಕೊಡಲು ಹೇಳಿತು. "ಏನೂ ಆಗುವುದಿಲ್ಲ, ಮದ್ದು ಅಷ್ಟೇ" ಎಂಬ ಮಾತು ಕೇಳಿ ಕೇಳಿ ನಮ್ಮ ಕಿವಿ ತೂತಾಗಿದೆ. ಆದ್ದರಿಂದ ಯಾರಾದರೂ "ಪೆಟ್ಟಿಗೆಯಲ್ಲಿ ಏನಿದ್ದರೆ ನಿಮಗೇನು" ಎಂದರೆ ನಮಗೆ ಆ ಹಳೆಯ ದನಿಯೇ ಕೇಳಿಸುತ್ತದೆ.

"ಇದಕ್ಕೂ ಕನ್ನಡಕ್ಕೂ ಏನು ಸಂಬಂಧ? ಮಲಯಾಳದಲ್ಲಿ ಹೇಳಿದರೆ ನಿಮಗೆ ಅರ್ಥವಾಗುವುದಿಲ್ಲವೇ?" ಎಂದು ಕೇಳುವವರೂ ಇದ್ದಾರೆ. ಮಲಯಾಳ ನಮಗೆ ಶತ್ರುವಲ್ಲ. ಪೇಟೆಯಲ್ಲಿ ಆಡುತ್ತೇವೆ, ಗೆಳೆತನ ಮಾಡುತ್ತೇವೆ. ಆದರೆ ಅಪಾಯದ ಹೊತ್ತಿನಲ್ಲಿ ಮನುಷ್ಯ ಭಾಷಾಂತರ ಮಾಡಿಕೊಂಡು ಓಡುವುದಿಲ್ಲ. ಮನೆಯಲ್ಲಿ ತುಳುವೋ ಕನ್ನಡವೋ ಆಡುವ, ಶಾಲೆಯಲ್ಲಿ ಕನ್ನಡ ಅಕ್ಷರ ಮಾತ್ರ ಕಲಿತ ಎಂಟು ವರ್ಷದ ಮಗುವಿಗೆ ಬೋರ್ಡಿನ ಬೇರೆ ಲಿಪಿ ಬರೀ ಚಿತ್ರ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸೌಕರ್ಯ ಮಾಡಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಪಾಠ ತಾಯ್ನುಡಿಯಲ್ಲಿ, ಜೀವ ಉಳಿಸುವ ಎಚ್ಚರಿಕೆ ಮಾತ್ರ ಬೇರೆಯದರಲ್ಲಿ ಎಂದರೆ ಅದು ಎಂಥ ನ್ಯಾಯ? ಕಡಲಿಗೆ ಮೀಡಿಯಂ ಇಲ್ಲ. ತೆರೆ ಬಂದು ಬಡಿಯುವಾಗ ನೀನು ಕನ್ನಡವೋ ಮಲಯಾಳವೋ ಎಂದು ಕೇಳುವುದಿಲ್ಲ.

ಇನ್ನು ನಮ್ಮ ಬೇಡಿಕೆಗಳನ್ನು ನೇರವಾಗಿ ಹೇಳುತ್ತೇವೆ.

ಒಂದು. ನಮ್ಮ ಕರಾವಳಿಯ ಎದುರು ಯಾವ ಹಡಗು ಅಪಾಯಕ್ಕೆ ಸಿಕ್ಕಿದರೂ ಅದರಲ್ಲಿರುವ ಅಪಾಯಕಾರಿ ಸರಕಿನ ಪಟ್ಟಿ ಅದೇ ದಿನ ಜನರ ಕೈಗೆ ಸಿಗಬೇಕು. ಕೋರ್ಟಿಗೆ ಹೋಗಿ ಕೇಳುವ ಪರಿಸ್ಥಿತಿ ಬರಬಾರದು. ವ್ಯಾಪಾರದ ಗುಟ್ಟು ಎಂಬ ನೆವ ನಮಗೆ ಬೇಡ. ದಡಕ್ಕೆ ತೇಲಿ ಬರಬಹುದಾದ ವಸ್ತು ಗುಟ್ಟಾಗಿ ಉಳಿಯುವುದಿಲ್ಲ.

ಎರಡು. ಆ ಪಟ್ಟಿಯೂ ಎಚ್ಚರಿಕೆಯೂ ಮಲಯಾಳದಲ್ಲಿ ಬರುವ ಗಂಟೆಯಲ್ಲೇ ಕನ್ನಡದಲ್ಲೂ ಬರಬೇಕು. ಎರಡು ದಿನ ಕಳೆದು ಬರುವ ಅನುವಾದ ಎಚ್ಚರಿಕೆಯಲ್ಲ, ವರದಿ.

ಮೂರು. ಸುಳ್ಳು ಹೆಸರು ಬರೆದು ಸರಕು ಕಳಿಸಿದವನಿಗೆ ದಂಡ ಹಾಕಿ ಬಿಟ್ಟರೆ ಸಾಲದು. ಅವನ ಉಳಿತಾಯ ಸಾವಿರದ ಲೆಕ್ಕದಲ್ಲಿ, ಊರಿನ ನಷ್ಟ ಕೋಟಿಯ ಲೆಕ್ಕದಲ್ಲಿ. ಮನುಷ್ಯರು ಸತ್ತಾಗ ಅದನ್ನು ಕಾಗದದ ತಪ್ಪು ಎನ್ನಬಾರದು, ಅಪರಾಧ ಎನ್ನಬೇಕು.

ನಾಲ್ಕು. ಸೋರುವ ಕಂಟೇನರ್ ಇದೆ ಎಂದು ಹಡಗು ಸತ್ಯ ಹೇಳಿದರೆ ಅದನ್ನು ಇಳಿಸಿಕೊಳ್ಳುವ ಸೌಕರ್ಯ ದೊಡ್ಡ ಬಂದರುಗಳಲ್ಲಿ ಇರಲೇಬೇಕು. ಸತ್ಯ ಹೇಳಿದವನನ್ನು ಬಾಗಿಲಿನಿಂದ ಓಡಿಸಿದರೆ ನಾಳೆ ಎಲ್ಲರೂ ಸುಳ್ಳನ್ನೇ ಹೇಳುತ್ತಾರೆ.

ಐದು. ಒಂಬತ್ತು ವರ್ಗಗಳ ಗುರುತುಚೀಟಿಗಳು ಪ್ರೌಢಶಾಲೆಯ ರಸಾಯನಶಾಸ್ತ್ರದ ಪಾಠದಲ್ಲಿ ಬರಬೇಕು, ಕನ್ನಡ ಪುಸ್ತಕದಲ್ಲೂ. ಇದು ಕಡಲಿಗೆ ಮಾತ್ರವಲ್ಲ. ರಾಷ್ಟ್ರೀಯ ಹೆದ್ದಾರಿಯಲ್ಲಿ ಹಗಲೂ ರಾತ್ರಿ ಹೋಗುವ ಟ್ಯಾಂಕರುಗಳ ಹಿಂದೆಯೂ ಇದೇ ಗುರುತುಗಳಿವೆ. 2012ರ ಆಗಸ್ಟ್ 27ರ ರಾತ್ರಿ ಕಣ್ಣೂರಿನ ಚಾಲದಲ್ಲಿ ಗ್ಯಾಸ್ ಟ್ಯಾಂಕರ್ ಸಿಡಿದು 20 ಜನ ಸತ್ತದ್ದನ್ನು ನಮ್ಮ ಕಡೆಯವರು ಮರೆತಿಲ್ಲ.

ಈ ಬೇಡಿಕೆಗಳು ಈಡೇರುವವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಸಹೋದ್ಯೋಗಿಗಳೇ, ಒಂದು ಪೀರಿಯಡ್ ಸಾಕು. ಹಲಗೆಯ ಮೇಲೆ ಒಂಬತ್ತು ವಜ್ರಾಕಾರ ಬರೆಯಿರಿ. ಮಕ್ಕಳಿಂದಲೇ ಮನೆಯ ಸಾಮಾನುಗಳ ಹೆಸರು ಹೇಳಿಸಿ ಯಾವುದು ಯಾವ ವರ್ಗ ಎಂದು ತುಂಬಿಸಿ. ಯಾವ ಎರಡು ಒಟ್ಟಿಗೆ ಇರಬಾರದು ಎಂದು ಕೇಳಿ. ಪ್ರಯೋಗ ಮಾಡಿ ತೋರಿಸುವ ಉಮೇದು ಬೇಡ, ಮಾತಿನಲ್ಲೇ ಸಾಕು. ಆಮೇಲೆ ಶಾಲೆಯ ಸ್ಟೋರ್ ರೂಮಿಗೂ ಹೋಗಿ ನೋಡಿ. ಬ್ಲೀಚಿಂಗ್ ಪೌಡರ್, ಆಸಿಡ್ ಬಾಟ್ಲಿ, ಬಿಸಿಯೂಟದ ಅಕ್ಕಿ ಒಂದೇ ಕಪಾಟಿನಲ್ಲಿ ಇರಬಾರದು. ಹಡಗಿನವರಿಗೆ ಹೇಳುವ ಬುದ್ಧಿ ನಮ್ಮ ಕಪಾಟಿನಿಂದಲೇ ಶುರುವಾಗಲಿ.

ಹೆತ್ತವರಲ್ಲಿ ಒಂದು ಮಾತು. ಪಿಟಿಎ ಮೀಟಿಂಗಿನಲ್ಲಿ ಯೂನಿಫಾರ್ಮಿನ ಬಣ್ಣದ ಚರ್ಚೆ ಮುಗಿದ ಮೇಲೆ ಇದನ್ನೂ ಎತ್ತಿ. ಕಡಲ ಬದಿಯ ವಾರ್ಡಿನ ಮೆಂಬರನ್ನು ಕೇಳಿ: ನಮ್ಮ ಮರಳಿನ ಮೇಲೆ ನಾಳೆ ಒಂದು ಡ್ರಮ್ ಬಂದು ಬಿದ್ದರೆ ಯಾರಿಗೆ ಹೇಳಬೇಕು, ಯಾವ ಬೋರ್ಡಿನಲ್ಲಿ ಕನ್ನಡದಲ್ಲಿ ಅದನ್ನು ಬರೆದಿದ್ದೀರಿ? ಉತ್ತರ ಸಿಗದಿದ್ದರೆ ಮುಂದಿನ ಮೀಟಿಂಗಿನಲ್ಲಿ ಪುನಃ ಕೇಳಿ. ಕನ್ನಡ ಶಾಲೆ ಉಳಿಯಬೇಕು ಎಂದು ನಾವು ಬೊಬ್ಬೆ ಹಾಕುವುದು ಹಾಜರಿ ಪುಸ್ತಕದ ಸಂಖ್ಯೆಗಾಗಿ ಅಲ್ಲ. ತನ್ನ ಜೀವಕ್ಕೆ ಸಂಬಂಧಿಸಿದ ಪ್ರಶ್ನೆಯನ್ನು ತನ್ನ ಭಾಷೆಯಲ್ಲೇ ಕೇಳಿ, ಆ ಭಾಷೆಯಲ್ಲೇ ಉತ್ತರ ಪಡೆಯುವ ಮಗು ಅಲ್ಲಿ ಬೆಳೆಯಬೇಕು, ಅದಕ್ಕಾಗಿ.